ತೆರೆದ ಬಾಟಲಿಯ ಲೆಕ್ಕಾಚಾರ: ಸ್ಪೇನಿನ ಸ್ವಸೇವೆಯ ವೈನ್ ಮಳಿಗೆ

ಸ್ಪೇನ್ ದೇಶದ ಉತ್ತರ ಭಾಗದ ನವಾರ್ರಾ ಪ್ರಾಂತ್ಯದಲ್ಲಿ ಆಯೆಗಿ ಎಂಬ ಸಣ್ಣ ಊರಿದೆ. ಊರಿನ ಅಂಚಿನಲ್ಲಿ, ಇರಾಚೆ ಮಠದ ಸಮೀಪ, ವೈನ್ ತಯಾರಿಕಾ ಸಂಸ್ಥೆಯೊಂದರ ಗೋಡೆಗೆ ಎರಡು ನಲ್ಲಿಗಳನ್ನು ಜೋಡಿಸಲಾಗಿದೆ. ಒಂದರಲ್ಲಿ ನೀರು ಬರುತ್ತದೆ, ಮತ್ತೊಂದರಲ್ಲಿ ಕೆಂಪು ವೈನ್. ಸಾಂತಿಯಾಗೊ ಕ್ಷೇತ್ರಕ್ಕೆ ಕಾಲ್ನಡಿಗೆಯಲ್ಲಿ ಸಾಗುವ ಯಾತ್ರಿಕರ ದಣಿವಾರಿಸಲೆಂದು 1991ರಲ್ಲಿ ಬೊದೇಗಾಸ್ ಇರಾಚೆ ಸಂಸ್ಥೆಯು ಈ ವ್ಯವಸ್ಥೆ ಮಾಡಿತು. ಹಣ ಪಡೆಯುವವರು ಅಲ್ಲಿ ಯಾರೂ ಇಲ್ಲ, ಸುರಿದು ಕೊಡುವವರೂ ಇಲ್ಲ. ಯಾತ್ರಿಕನು ತನ್ನ ಲೋಟವನ್ನು ತಾನೇ ಹಿಡಿದು ಒಂದೆರಡು ಗುಟುಕು ಕುಡಿದು ಮುಂದೆ ನಡೆಯುತ್ತಾನೆ. ಅಲ್ಲಿರುವ ನಿಯಮ ಸರಳವಾದುದು: ಮಿತವಾಗಿ ಕುಡಿಯಲು ಹಣ ಬೇಕಿಲ್ಲ, ಹೊತ್ತೊಯ್ಯಬೇಕೆಂದರೆ ಕೊಂಡೊಯ್ಯಬೇಕು.

ಇದು ಪ್ರಚಾರಕ್ಕಾಗಿ ಮಾಡಿದ ದಾನವಾದರೂ ಇದರೊಳಗೆ ವ್ಯಾಪಾರದ ಒಂದು ಹಳೆಯ ಸೂತ್ರ ಅಡಗಿದೆ. ಗ್ರಾಹಕನು ರುಚಿಯನ್ನು ಮೊದಲು ನೋಡಲಿ, ಬಾಟಲಿಯ ಮಾತು ಆಮೇಲೆ. ಈ ಸೂತ್ರವನ್ನೇ ಯಂತ್ರಕ್ಕೆ ಅಳವಡಿಸಿ, ಅಳತೆಗೊಳಪಡಿಸಿ, ಬೆಲೆ ಕಟ್ಟಿ ಚಿಲ್ಲರೆ ಮಳಿಗೆಯೊಳಕ್ಕೆ ತಂದಿರುವುದು ಸ್ಪೇನಿನ ನಗರಗಳಲ್ಲಿ ಕಳೆದ ಎರಡು ದಶಕಗಳಿಂದ ಕಾಣಸಿಗುತ್ತಿರುವ ಸ್ವಸೇವೆಯ ವೈನ್ ಮಳಿಗೆ. ಅದರ ಕಾರ್ಯವಿಧಾನವೂ ಲಾಭನಷ್ಟದ ಲೆಕ್ಕವೂ ವೈನ್ ಮಾರದ ವರ್ತಕರಿಗೂ ಆಸಕ್ತಿ ಹುಟ್ಟಿಸುವಂತಿವೆ.

ರಿಯೊಹಾ ಸೀಮೆಯ ರಾಜಧಾನಿ

ಇರಾಚೆಯಿಂದ ಅದೇ ಯಾತ್ರಾಮಾರ್ಗದಲ್ಲಿ ಐವತ್ತು ಕಿಲೊಮೀಟರಿಗೂ ಕಡಿಮೆ ದೂರ ಪಶ್ಚಿಮಕ್ಕೆ ನಡೆದರೆ, ಎಬ್ರೊ ನದಿಯ ದಡದಲ್ಲಿ ಲೊಗ್ರೊನ್ಯೊ ನಗರ ಎದುರಾಗುತ್ತದೆ. ಸುಮಾರು ಒಂದೂವರೆ ಲಕ್ಷ ಜನಸಂಖ್ಯೆಯ ಈ ನಗರವು ಲಾ ರಿಯೊಹಾ ಪ್ರಾಂತ್ಯದ ರಾಜಧಾನಿ. ರಿಯೊಹಾ ಎಂಬ ಹೆಸರು ವೈನ್ ವ್ಯಾಪಾರದಲ್ಲಿ ಲೋಕಪ್ರಸಿದ್ಧ. 1860ರ ದಶಕದಲ್ಲಿ ಇಲ್ಲಿಂದ ಬಿಲ್ಬಾವೊ ಬಂದರಿಗೆ ರೈಲುಮಾರ್ಗ ತೆರೆಯಿತು. ಅದೇ ಕಾಲಘಟ್ಟದಲ್ಲಿ ಫಿಲಾಕ್ಸೆರಾ ಎಂಬ ಕೀಟವು ಫ್ರಾನ್ಸಿನ ದ್ರಾಕ್ಷಿತೋಟಗಳನ್ನು ಹಾಳುಮಾಡತೊಡಗಿತು. ಸರಕು ಅರಸಿ ಬಂದ ಫ್ರೆಂಚ್ ವರ್ತಕರು ತಮ್ಮೊಡನೆ ಓಕ್ ಮರದ ಪೀಪಾಯಿಯಲ್ಲಿ ವೈನ್ ಮಾಗಿಸುವ ಬೋರ್ಡೊ ಪದ್ಧತಿಯನ್ನೂ ಈ ಸೀಮೆಗೆ ಹರಡಿದರು. 1925ರಲ್ಲಿ ರಿಯೊಹಾ ಹೆಸರಿಗೆ ಅಧಿಕೃತ ರಕ್ಷಣೆ ದೊರೆಯಿತು. 1991ರಲ್ಲಿ ಸ್ಪೇನಿನ ಅತ್ಯುನ್ನತ ಶ್ರೇಣಿಯ ಪ್ರಾದೇಶಿಕ ಮಾನ್ಯತೆ ಪಡೆದ ಮೊದಲ ವೈನ್ ಸೀಮೆ ಎಂಬ ಗೌರವವೂ ಅದಕ್ಕೆ ಸಂದಿತು.

ಲೊಗ್ರೊನ್ಯೊದ ಹಳೆಯ ಪೇಟೆಯಲ್ಲಿ ಲಾರೆಲ್ ಬೀದಿ ಎಂಬ ಇಕ್ಕಟ್ಟಾದ ಓಣಿಯಿದೆ. ಅದರ ಎರಡೂ ಬದಿಗೆ ಸಾಲುಸಾಲಾಗಿ ಸಣ್ಣ ಪಾನಗೃಹಗಳು. ಒಂದೊಂದು ಅಂಗಡಿಗೆ ಒಂದೊಂದು ತಿನಿಸು ಹೆಸರುವಾಸಿ. ಊರಿನವರು ಒಂದೇ ಕಡೆ ಕುಳಿತು ಉಣ್ಣುವುದಿಲ್ಲ. ಒಂದು ಅಂಗಡಿಯಲ್ಲಿ ಒಂದು ತುಣುಕು ತಿನಿಸು, ಒಂದು ಪುಟ್ಟ ಲೋಟ ವೈನ್ ಮುಗಿಸಿ ಮುಂದಿನ ಅಂಗಡಿಗೆ ಹೋಗುತ್ತಾರೆ. ಒಂದು ಸಂಜೆಯಲ್ಲಿ ನಾಲ್ಕೈದು ಬಗೆಯ ವೈನ್ ರುಚಿ ನೋಡುವುದು ಅವರಿಗೆ ರೂಢಿಯ ಮಾತು. ಸಣ್ಣ ಅಳತೆಯಲ್ಲಿ ಹಲವು ಬಗೆ ಎಂಬ ಅಭ್ಯಾಸವು ಯಂತ್ರ ಬರುವುದಕ್ಕಿಂತ ಬಹಳ ಮೊದಲೇ ಜನರಲ್ಲಿತ್ತು ಎಂಬುದನ್ನು ಇಲ್ಲಿ ಗಮನಿಸಬೇಕು.

ಸ್ವಸೇವೆಯೂ ಅಷ್ಟೇ ಹಳೆಯದು. ಸ್ಪೇನಿನ ನಗರಗಳ ಬಡಾವಣೆಗಳಲ್ಲಿ ಬೊದೇಗಾ ಎಂದು ಕರೆಯುವ ಅಂಗಡಿಗಳಲ್ಲಿ ದೊಡ್ಡ ಪೀಪಾಯಿಗಳಿಂದ ವೈನನ್ನು ಬಿಡಿಯಾಗಿ ಅಳೆದು ಮಾರುತ್ತಿದ್ದರು. ಮನೆಯವರು ಖಾಲಿ ಬಾಟಲಿಯನ್ನೋ ಬೆತ್ತದ ಹೊದಿಕೆಯ ಗಾಜಿನ ಬುದ್ದಲಿಯನ್ನೋ ತಂದು ತುಂಬಿಸಿಕೊಂಡು ಹೋಗುತ್ತಿದ್ದರು. ನಮ್ಮಲ್ಲಿ ಗಾಣದ ಎಣ್ಣೆಗೆ ಪಾತ್ರೆ ಒಯ್ಯುತ್ತಿದ್ದಂತೆಯೇ ಇದು. ಸೂಪರ್ ಮಾರ್ಕೆಟ್ ಹಾಗೂ ಮೊಹರು ಮಾಡಿದ ಬಾಟಲಿಗಳು ಬಂದ ಮೇಲೆ ಇಂಥ ಅಂಗಡಿಗಳು ಕಡಿಮೆಯಾದವು. ಕೆಲವು ಇಂದಿಗೂ ಉಳಿದಿವೆ.

ಕಪಾಟಿನ ಮುಂದೆ ನಿಂತ ಗ್ರಾಹಕ

ಸ್ವಸೇವೆಯ ಆಧುನಿಕ ಚಿಲ್ಲರೆ ವ್ಯಾಪಾರಕ್ಕೆ 1916ರಲ್ಲಿ ಅಮೆರಿಕದ ಮೆಂಫಿಸ್ ನಗರದಲ್ಲಿ ಕ್ಲಾರೆನ್ಸ್ ಸಾಂಡರ್ಸ್ ತೆರೆದ ಪಿಗ್ಲಿ ವಿಗ್ಲಿ ಮಳಿಗೆಯನ್ನು ಮೂಲವೆಂದು ಹೇಳುವುದುಂಟು. ಅಂಗಡಿಕಾರನ ಬೆನ್ನ ಹಿಂದಿದ್ದ ಸರಕು ಅಲ್ಲಿ ಗ್ರಾಹಕನ ಕೈಗೆ ಬಂದಿತು. ಸಾಬೂನಿಗೂ ಸಕ್ಕರೆಗೂ ಈ ಕ್ರಮ ಚೆನ್ನಾಗಿ ಹೊಂದಿತು. ಆದರೆ ವೈನ್ ವಿಷಯದಲ್ಲಿ ಗ್ರಾಹಕನ ಕೈಗೆ ಬಂದದ್ದು ಬಾಟಲಿ ಮಾತ್ರ. ಅದರೊಳಗಿನ ಸರಕು ಬಿರಡೆಯ ಹಿಂದೆಯೇ ಉಳಿಯಿತು.

ರಿಯೊಹಾದ ಬಾಟಲಿಯನ್ನೇ ಉದಾಹರಣೆಯಾಗಿ ನೋಡಬಹುದು. ಬಾಟಲಿಯ ಹಿಂಬದಿಯಲ್ಲಿ ನಿಯಂತ್ರಣ ಮಂಡಳಿಯ ಚೀಟಿ ಇರುತ್ತದೆ. ಕ್ರಿಯಾನ್ಸಾ ಎಂದಿದ್ದರೆ ಆ ಕೆಂಪು ವೈನ್ ಕನಿಷ್ಠ ಎರಡು ವರ್ಷ ಮಾಗಿದೆ, ಅದರಲ್ಲಿ ಒಂದು ವರ್ಷವಾದರೂ ಓಕ್ ಪೀಪಾಯಿಯಲ್ಲಿ ಕಳೆದಿದೆ ಎಂದರ್ಥ. ರೆಸೆರ್ವಾ ಎಂದರೆ ಕನಿಷ್ಠ ಮೂರು ವರ್ಷ. ಗ್ರಾನ್ ರೆಸೆರ್ವಾ ಎಂದರೆ ಕನಿಷ್ಠ ಐದು ವರ್ಷ, ಅದರಲ್ಲಿ ಎರಡು ವರ್ಷ ಪೀಪಾಯಿಯಲ್ಲಿ. ಗುರುತಿಸಲು ಸುಲಭವಾಗಲೆಂದು ಚೀಟಿಗಳ ಬಣ್ಣವೂ ಬೇರೆ ಬೇರೆ. ಇವೆಲ್ಲವೂ ಕಾಲದ ಲೆಕ್ಕ. ಗ್ರಾಹಕನ ನಾಲಿಗೆಗೆ ಯಾವುದು ಹಿತ ಎಂಬುದನ್ನು ಯಾವ ಚೀಟಿಯೂ ಹೇಳಲಾರದು. ಎಳೆಯ ವೈನಿನ ಹಣ್ಣಿನ ಸೊಗಡನ್ನು ಮೆಚ್ಚುವವನು ಹೆಚ್ಚು ಹಣ ತೆತ್ತು ಗ್ರಾನ್ ರೆಸೆರ್ವಾ ಕೊಂಡು ನಿರಾಶನಾಗಬಹುದು. 2017ರಲ್ಲಿ ನಿಯಂತ್ರಣ ಮಂಡಳಿಯು ಒಂದೇ ತೋಟದ ದ್ರಾಕ್ಷಿಯಿಂದ ತಯಾರಾದ ವೈನಿಗೆ ಪ್ರತ್ಯೇಕ ಮಾನ್ಯತೆ ನೀಡಲು ನಿರ್ಧರಿಸಿದ ಮೇಲೆ ಚೀಟಿಯ ಮಾಹಿತಿ ಇನ್ನಷ್ಟು ಹೆಚ್ಚಿತು. ಮಾಹಿತಿ ಹೆಚ್ಚಿದಷ್ಟೂ ಸಾಮಾನ್ಯ ಗ್ರಾಹಕನ ಗೊಂದಲವೂ ಹೆಚ್ಚುತ್ತದೆ. ಗೊಂದಲಗೊಂಡ ಗ್ರಾಹಕನು ಕಳೆದ ಸಲ ಕೊಂಡ ಬಾಟಲಿಯನ್ನೇ ಮತ್ತೆ ಕೊಳ್ಳುತ್ತಾನೆ, ಇಲ್ಲವೇ ರಿಯಾಯಿತಿ ಎಲ್ಲಿದೆಯೋ ಅಲ್ಲಿಗೆ ಕೈಚಾಚುತ್ತಾನೆ.

ಕಾರ್ಡು, ಗುಂಡಿ, ನಲ್ಲಿ

ಸ್ವಸೇವೆಯ ಮಳಿಗೆಗೆ ಮೊದಲ ಬಾರಿ ಕಾಲಿಡುವವರ ಕಣ್ಣಿಗೆ ಬೀಳುವುದು ಗೋಡೆಯುದ್ದಕ್ಕೂ ನಿಲ್ಲಿಸಿದ ಗಾಜಿನ ಮುಂಬದಿಯ ಉಕ್ಕಿನ ಪೆಟ್ಟಿಗೆಗಳು. ಸಾಮಾನ್ಯವಾಗಿ ನಾಲ್ಕು ಅಥವಾ ಎಂಟು ಬಾಟಲಿಗಳು ಒಂದೊಂದು ಪೆಟ್ಟಿಗೆಯಲ್ಲಿ ನೆಟ್ಟಗೆ ನಿಂತಿರುತ್ತವೆ. ಪ್ರತಿ ಬಾಟಲಿಯ ಮುಂದೆ ಒಂದು ನಲ್ಲಿ, ಅದರ ಮೇಲೆ ಅಳತೆ ಸೂಚಿಸುವ ಗುಂಡಿಗಳು ಮತ್ತು ಪ್ರತಿ ಅಳತೆಯ ಬೆಲೆ. ಮೊದಲ ಗುಂಡಿ ರುಚಿ ನೋಡಲು, ಸುಮಾರು 25ರಿಂದ 30 ಮಿಲಿಲೀಟರ್. ಎರಡನೆಯದು ಅರ್ಧ ಲೋಟ, ಮೂರನೆಯದು ಪೂರ್ಣ ಲೋಟ. ಬಿಳಿ ವೈನಿನ ಪೆಟ್ಟಿಗೆಯನ್ನು ತಂಪಾಗಿಯೂ ಕೆಂಪು ವೈನಿನ ಪೆಟ್ಟಿಗೆಯನ್ನು ಅದಕ್ಕಿಂತ ಕೊಂಚ ಬೆಚ್ಚಗೂ ಇಡಲಾಗುತ್ತದೆ.

ಗ್ರಾಹಕನು ಗಲ್ಲಾದ ಬಳಿ ಹಣ ಕಟ್ಟಿ ಒಂದು ಕಾರ್ಡು ಪಡೆಯುತ್ತಾನೆ. ಆ ಕಾರ್ಡನ್ನು ಯಂತ್ರದಲ್ಲಿ ಸೇರಿಸಿ, ನಲ್ಲಿಯ ಕೆಳಗೆ ಲೋಟ ಹಿಡಿದು ಗುಂಡಿ ಒತ್ತಿದರೆ ನಿಗದಿತ ಅಳತೆಯಷ್ಟೇ ವೈನ್ ಇಳಿದು ನಿಲ್ಲುತ್ತದೆ. ಅದರ ಬೆಲೆ ಕಾರ್ಡಿನಿಂದ ಕಳೆಯುತ್ತದೆ. ಬೆಂಗಳೂರಿಗರಿಗೆ ಈ ಕ್ರಮ ಹೊಸದೆನಿಸದು. 1983ರಲ್ಲಿ ಜಯನಗರದಲ್ಲಿ ಆರಂಭವಾದ ಕೆಫೆ ದರ್ಶಿನಿ ಹಾಗೂ ಅದನ್ನು ಅನುಸರಿಸಿ ಬಂದ ನೂರಾರು ದರ್ಶಿನಿಗಳಲ್ಲಿ ಮೊದಲು ಹಣ, ಆಮೇಲೆ ಚೀಟಿ, ಅನಂತರ ತಿಂಡಿ ಎಂಬುದೇ ನಿಯಮ. ವ್ಯತ್ಯಾಸವಿಷ್ಟೇ: ಇಲ್ಲಿ ಚೀಟಿಯ ಬದಲು ಕಾರ್ಡು, ಬಡಿಸುವವನ ಬದಲು ಯಂತ್ರ.

ಮೂರು ಶ್ರೇಣಿಯ ರಿಯೊಹಾ ವೈನ್‌ಗಳನ್ನು ಪಕ್ಕಪಕ್ಕದ ನಲ್ಲಿಗಳಿಂದ ಒಂದೊಂದು ಗುಟುಕಿನಷ್ಟು ಪಡೆದು ಹೋಲಿಸಿ ನೋಡಿದವನಿಗೆ, ಪುಸ್ತಕ ಓದಿ ತಿಳಿಯದ ವಿಷಯ ಹತ್ತು ನಿಮಿಷದಲ್ಲಿ ಮನದಟ್ಟಾಗುತ್ತದೆ. ತಾನು ಮೆಚ್ಚಿದ್ದರ ಬಾಟಲಿಯನ್ನು ಪಕ್ಕದ ಕಪಾಟಿನಿಂದ ತೆಗೆದುಕೊಂಡು ಅವನು ಗಲ್ಲಾಕ್ಕೆ ಬರುತ್ತಾನೆ. ಆ ಹೊತ್ತಿಗೆ ಅವನಿಗೆ ಯಾರ ಶಿಫಾರಸೂ ಬೇಕಿರುವುದಿಲ್ಲ.

ಗಾಳಿಯೇ ಶತ್ರು

ಈ ಅನುಕೂಲವನ್ನು ವರ್ತಕರು ಹಿಂದೆಯೇ ಏಕೆ ಒದಗಿಸಲಿಲ್ಲ ಎಂಬ ಪ್ರಶ್ನೆ ಸಹಜ. ಉತ್ತರ ಗಾಳಿಯಲ್ಲಿದೆ. ಬಿರಡೆ ತೆಗೆದೊಡನೆ ಗಾಳಿಯಲ್ಲಿನ ಆಮ್ಲಜನಕವು ವೈನಿನೊಡನೆ ಬೆರೆಯತೊಡಗುತ್ತದೆ. ಆರಂಭದಲ್ಲಿ ಅದರಿಂದ ಪರಿಮಳ ಅರಳುವುದುಂಟು; ಆದರೆ ಎರಡು ಮೂರು ದಿನ ಕಳೆಯುವಷ್ಟರಲ್ಲಿ ಬಹುಪಾಲು ವೈನುಗಳು ಸೊಗಡು ಕಳೆದುಕೊಂಡು ಸಪ್ಪೆಯಾಗುತ್ತವೆ, ಕಡೆಗೆ ಹುಳಿಯತ್ತ ತಿರುಗುತ್ತವೆ. ಹೀಗಾಗಿ ದುಬಾರಿ ಬಾಟಲಿಯನ್ನು ರುಚಿಗೆಂದು ತೆರೆಯುವುದು ಅಂಗಡಿಕಾರನಿಗೆ ನಷ್ಟದ ಬಾಬತ್ತಾಗಿತ್ತು. ರುಚಿ ನೋಡಲು ಸಿಗುತ್ತಿದ್ದುದು ಅಗ್ಗದ ವೈನ್ ಮಾತ್ರ. ಯಾವುದನ್ನು ಕೊಳ್ಳುವಾಗ ಗ್ರಾಹಕನು ಹೆಚ್ಚು ಅಳುಕುತ್ತಾನೋ ಅದೇ ಬಾಟಲಿ ಮುಚ್ಚಿಯೇ ಇರುತ್ತಿತ್ತು.

ಯಂತ್ರವು ಈ ತೊಡಕನ್ನು ಜಡಾನಿಲದ ನೆರವಿನಿಂದ ಬಗೆಹರಿಸುತ್ತದೆ. ಬಿರಡೆ ತೆಗೆದ ಬಾಟಲಿಯ ಬಾಯಿಗೆ ಗಾಳಿಯಾಡದಂತೆ ಮುಚ್ಚಳವೊಂದನ್ನು ಕೂರಿಸಲಾಗುತ್ತದೆ. ಅದರ ಮೂಲಕ ಒಂದು ಕೊಳವೆ ಬಾಟಲಿಯ ತಳದವರೆಗೆ ಇಳಿಯುತ್ತದೆ. ಸಿಲಿಂಡರಿನಿಂದ ಬರುವ ಆರ್ಗಾನ್ ಅಥವಾ ಸಾರಜನಕ ಅನಿಲವು ಬಾಟಲಿಯೊಳಗೆ ಒತ್ತಡ ಹೇರಿ ವೈನನ್ನು ಕೊಳವೆಯ ಮೂಲಕ ಮೇಲಕ್ಕೆ ತಳ್ಳುತ್ತದೆ. ವೈನ್ ಇಳಿದಷ್ಟೂ ಜಾಗವನ್ನು ಅದೇ ಅನಿಲ ತುಂಬುವುದರಿಂದ ಹೊರಗಿನ ಗಾಳಿಗೆ ಪ್ರವೇಶವಿಲ್ಲ. ಈ ಅನಿಲಗಳು ವೈನಿನ ರುಚಿ ಕೆಡಿಸುವುದಿಲ್ಲ. ತೆರೆದ ಬಾಟಲಿಯು ಮೂರು ವಾರ ಅಥವಾ ಅದಕ್ಕೂ ಹೆಚ್ಚು ಕಾಲ ಕೆಡದೆ ಉಳಿಯುತ್ತದೆ ಎಂಬುದು ಯಂತ್ರ ತಯಾರಕರ ಹೇಳಿಕೆ.

ಸಾರಜನಕ ಬಳಸುವ ಉಪಕರಣಗಳು ಯುರೋಪಿನ ದೊಡ್ಡ ಹೋಟೆಲುಗಳಿಗೆ ಹಿಂದೆಯೇ ಪರಿಚಿತವಾಗಿದ್ದವು. ಕಾರ್ಡಿನಿಂದ ಗ್ರಾಹಕನೇ ನಡೆಸಬಹುದಾದ ಯಂತ್ರಗಳನ್ನು 2000ದ ದಶಕದಲ್ಲಿ ಜನಪ್ರಿಯಗೊಳಿಸಿದ ಶ್ರೇಯಸ್ಸಿನಲ್ಲಿ ಇಟಲಿಯ ಟಸ್ಕನಿ ಸೀಮೆಯ ಎನೊಮ್ಯಾಟಿಕ್ ಸಂಸ್ಥೆಗೆ ದೊಡ್ಡ ಪಾಲಿದೆ. 2013ರಲ್ಲಿ ಅಮೆರಿಕದಲ್ಲಿ ಮಾರುಕಟ್ಟೆಗೆ ಬಂದ ಕೊರಾವಿನ್ ಎಂಬ ಕೈಯುಪಕರಣವು, ಬಿರಡೆಯನ್ನು ತೆಗೆಯದೆಯೇ ಸೂಜಿಯ ಮೂಲಕ ಆರ್ಗಾನ್ ಹಾಯಿಸಿ ವೈನ್ ಪಡೆಯುವ ದಾರಿಯನ್ನೂ ತೋರಿಸಿತು.

ಲಾಭನಷ್ಟದ ಲೆಕ್ಕ

ಯಂತ್ರದ ನಿಜವಾದ ಕೊಡುಗೆ ಏನೆಂಬುದು ಸರಳ ಲೆಕ್ಕವೊಂದರಿಂದ ಸ್ಪಷ್ಟವಾಗುತ್ತದೆ. ಅಂಗಡಿಕಾರನಿಗೆ 20 ಯೂರೊ ಅಸಲು ಬೀಳುವ ಒಂದು ಬಾಟಲಿಯಿದೆ ಎಂದಿಟ್ಟುಕೊಳ್ಳೋಣ. 750 ಮಿಲಿಲೀಟರಿನ ಬಾಟಲಿಯಿಂದ ತಲಾ 25 ಮಿಲಿಲೀಟರಿನ 30 ರುಚಿಗಳು ದೊರೆಯುತ್ತವೆ. ಒಂದು ರುಚಿಗೆ ಒಂದೂವರೆ ಯೂರೊ ಬೆಲೆ ಇಟ್ಟರೆ, ತೆರಿಗೆಯನ್ನು ಬದಿಗಿರಿಸಿ, 14 ರುಚಿಗಳು ಮಾರಾಟವಾದಾಗ ಅಸಲು ಕೈಸೇರುತ್ತದೆ. ಕೈಯಿಂದ ತೆರೆದ ಬಾಟಲಿಯಾದರೆ ಎರಡು ದಿನದೊಳಗೆ ಅದೊಂದೇ ವೈನಿಗೆ 14 ಗಿರಾಕಿಗಳು ಬರಬೇಕು. ಯಂತ್ರದಲ್ಲಿಟ್ಟ ಬಾಟಲಿಗೆ 21 ದಿನಗಳ ಅವಕಾಶವಿದೆ. ಮೂರು ದಿನಕ್ಕೆ ಇಬ್ಬರು ಬಂದರೂ ಸಾಕು. ಉಳಿದ 16 ರುಚಿಗಳಿಂದ ಬರುವುದು ಹೆಚ್ಚುವರಿ. ಯಂತ್ರವು ಮಾರುವುದು ವೈನನ್ನಲ್ಲ, ಕಾಲಾವಕಾಶವನ್ನು ಎಂದರೆ ತಪ್ಪಾಗದು.

ಎರಡನೆಯ ಲಾಭ ಮಾಹಿತಿಯದು. ಯಾವ ನಲ್ಲಿಯಿಂದ ಎಷ್ಟು ಅಳತೆ ಇಳಿಯಿತು ಎಂಬ ವಿವರ ದಾಖಲಾಗುತ್ತದೆ. ಅದನ್ನು ಬಾಟಲಿ ಮಾರಾಟದ ಲೆಕ್ಕದೊಡನೆ ಹೋಲಿಸಿದರೆ, ಬಹಳ ಜನ ರುಚಿ ನೋಡಿ ಯಾರೂ ಕೊಳ್ಳದ ವೈನ್ ಯಾವುದು, ಕೆಲವರೇ ನೋಡಿದರೂ ನೋಡಿದವರೆಲ್ಲ ಕೊಂಡ ವೈನ್ ಯಾವುದು ಎಂಬುದು ಅಂಗಡಿಕಾರನಿಗೆ ತಿಳಿಯುತ್ತದೆ. ಮುಂದಿನ ದಾಸ್ತಾನು ನಿರ್ಧರಿಸಲು ಇದಕ್ಕಿಂತ ಒಳ್ಳೆಯ ಆಧಾರ ಬೇರಿಲ್ಲ.

ತೆರಿಗೆ ವ್ಯವಸ್ಥೆಯೂ ಸ್ಪೇನಿನ ವರ್ತಕನಿಗೆ ಅನುಕೂಲಕರವಾಗಿದೆ. ಅಲ್ಲಿ ವೈನ್ ಮೇಲಿನ ವಿಶೇಷ ಅಬಕಾರಿ ಸುಂಕದ ದರ ಸೊನ್ನೆ. ಮೌಲ್ಯವರ್ಧಿತ ತೆರಿಗೆ ಮಾತ್ರ 2012ರಿಂದ ಶೇಕಡ 21ರಷ್ಟಿದೆ. ಸೂಪರ್ ಮಾರ್ಕೆಟಿನಲ್ಲಿ ಅಕ್ಕಿ ಬೇಳೆಯ ಪಕ್ಕದ ಸಾಲಿನಲ್ಲೇ ವೈನ್ ಸಿಗುತ್ತದೆ. ಬೆಲೆಯ ಸ್ಪರ್ಧೆಯಲ್ಲಿ ಸಣ್ಣ ಅಂಗಡಿಯು ಅಂಥ ದೊಡ್ಡ ಮಳಿಗೆಗಳನ್ನು ಗೆಲ್ಲಲಾರದು. ರುಚಿ ನೋಡಿ ಕೊಳ್ಳುವ ಅವಕಾಶವೇ ಅದರ ಕೈಯಲ್ಲಿರುವ ಅಸ್ತ್ರ.

ಯಂತ್ರ ಮಾಡದ ಕೆಲಸ

ಹಾಗೆಂದು ಯಂತ್ರ ತಂದಿರಿಸಿದೊಡನೆ ವ್ಯಾಪಾರ ಕುದುರುತ್ತದೆಂದು ತಿಳಿಯುವುದು ತಪ್ಪು. ಮೊದಲನೆಯದಾಗಿ ಬಂಡವಾಳ ದೊಡ್ಡದು. ಯಂತ್ರದ ಬೆಲೆಯ ಜೊತೆಗೆ ಅನಿಲದ ಸಿಲಿಂಡರು, ವಿದ್ಯುತ್ತು, ದುರಸ್ತಿ ಇವೆಲ್ಲ ನಿರಂತರ ಖರ್ಚುಗಳು. ನಲ್ಲಿ ಮತ್ತು ಕೊಳವೆಗಳನ್ನು ಕ್ರಮವಾಗಿ ತೊಳೆಯದಿದ್ದರೆ ಹಿಂದಿನ ವೈನಿನ ಹಳಸಿದ ಹನಿ ಮುಂದಿನ ಗ್ರಾಹಕನ ಲೋಟಕ್ಕೆ ಬೀಳುತ್ತದೆ. ಬಿರಡೆಯ ದೋಷದಿಂದ ಕೆಟ್ಟ ಬಾಟಲಿಯೊಂದನ್ನು ಪರೀಕ್ಷಿಸದೆ ಯಂತ್ರಕ್ಕೆ ಹಾಕಿದರೆ, ಒಬ್ಬನ ಬದಲು ಮೂವತ್ತು ಮಂದಿಯ ಮನಸ್ಸಿನಲ್ಲಿ ಆ ತಯಾರಕನ ಹೆಸರು ಕೆಡುತ್ತದೆ. ಆದ್ದರಿಂದ ಪ್ರತಿ ಬಾಟಲಿಯನ್ನೂ ತೆರೆದಾಗ ಅಂಗಡಿಕಾರನೇ ಮೊದಲು ರುಚಿ ನೋಡಬೇಕಾಗುತ್ತದೆ.

ಎರಡನೆಯದು ನಂಬಿಕೆಯ ಪ್ರಶ್ನೆ. ಕಾರ್ಡಿನಲ್ಲಿ ಉಳಿದ ಚಿಲ್ಲರೆ ಹಣವನ್ನು ಮರಳಿಸದ ಅಂಗಡಿಗೆ ಗ್ರಾಹಕನು ಎರಡನೆಯ ಸಲ ಬರುವುದು ಅನುಮಾನ. ಮೂರನೆಯದು ಕಾನೂನು. ಸ್ಪೇನಿನಲ್ಲಿ 18 ವರ್ಷ ತುಂಬದವರಿಗೆ ಮದ್ಯ ಮಾರುವಂತಿಲ್ಲ. ಯಂತ್ರಕ್ಕೆ ವಯಸ್ಸು ಕೇಳಲು ಬರುವುದಿಲ್ಲ. ಕಾರ್ಡು ಕೊಡುವ ಕೈಗೆ ಆ ಹೊಣೆಯಿದೆ. ಗ್ರಾಹಕನು ಮಿತಿ ಮೀರುತ್ತಿದ್ದಾನೆಯೇ ಎಂದು ಗಮನಿಸುವುದೂ ಮನುಷ್ಯರ ಕೆಲಸವೇ.

ಎಲ್ಲಕ್ಕಿಂತ ಮುಖ್ಯವಾದುದು ಆಯ್ಕೆ. ಸಾವಿರಾರು ವೈನುಗಳ ನಡುವೆ ಈ ತಿಂಗಳು ನಲ್ಲಿಗೆ ಏರಬೇಕಾದ ಹದಿನಾರು ಯಾವುವು ಎಂಬುದನ್ನು ತಿಳಿವಳಿಕೆಯುಳ್ಳ ಅಂಗಡಿಕಾರನಷ್ಟೇ ನಿರ್ಧರಿಸಬಲ್ಲ. ಸ್ವಸೇವೆಯು ಅವನ ಕೈಯಿಂದ ಸುರಿಯುವ ಕೆಲಸವನ್ನು ಕಿತ್ತುಕೊಂಡಿದೆ, ಆರಿಸುವ ಹೊಣೆಯನ್ನು ಹೆಚ್ಚಿಸಿದೆ. ಇದನ್ನು ಮರೆತು, ಯಂತ್ರವಿದೆಯಲ್ಲ ಎಂದು ಗಲ್ಲಾದ ಹಿಂದೆ ಸುಮ್ಮನೆ ಕೂರುವ ವರ್ತಕನ ಮಳಿಗೆಯು ಕೆಲವು ದಿನಗಳ ಕುತೂಹಲಕ್ಕೆ ಮಾತ್ರ ಪಾತ್ರವಾಗುತ್ತದೆ.

ಸಣ್ಣ ಉತ್ಪಾದಕನಿಗೆ ಒಂದು ನಲ್ಲಿ

ಈ ಬದಲಾವಣೆಯ ಹಿಂದೆ ಒಂದು ಆತಂಕವೂ ಇದೆ. ದ್ರಾಕ್ಷಿತೋಟಗಳ ವಿಸ್ತೀರ್ಣದಲ್ಲಿ ಸ್ಪೇನ್ ಜಗತ್ತಿನಲ್ಲೇ ಮೊದಲ ಸ್ಥಾನದಲ್ಲಿದೆ. ಆದರೆ ಅಲ್ಲಿನ ಜನರು ವೈನ್ ಕುಡಿಯುವುದು ಬಹಳ ಇಳಿದಿದೆ. 1970ರ ದಶಕದಲ್ಲಿ ತಲಾ ವಾರ್ಷಿಕ ಬಳಕೆ 60 ಲೀಟರಿಗೂ ಹೆಚ್ಚಿತ್ತು. ಇಂದು ಅದರ ಅರ್ಧಕ್ಕಿಂತಲೂ ಕಡಿಮೆ. ದಿನನಿತ್ಯದ ಊಟದ ಜೊತೆಗಿನ ವೈನ್ ಕಡಿಮೆಯಾಗಿ, ಬಿಯರ್ ಮೊದಲಾದ ಪಾನೀಯಗಳು ಆ ಜಾಗಕ್ಕೆ ಬಂದಿವೆ. ರಿಯೊಹಾದಲ್ಲಿಯೇ ಸುಮಾರು 66,000 ಹೆಕ್ಟೇರ್ ದ್ರಾಕ್ಷಿತೋಟಗಳಿವೆ. 2023ರಲ್ಲಿ ಅಲ್ಲಿ ಮಾರಾಟವಾಗದ ವೈನಿನ ದಾಸ್ತಾನು ಎಷ್ಟು ಹೊರೆಯಾಯಿತೆಂದರೆ, ಅದರ ಒಂದು ಭಾಗವನ್ನು ಬಟ್ಟಿಯಿಳಿಸಿ ಮದ್ಯಸಾರವಾಗಿಸಲು ಮತ್ತು ಕಾಯಿ ಮಾಗುವ ಮುನ್ನವೇ ಗೊಂಚಲು ಕತ್ತರಿಸಿ ಹಾಕಲು ಸರ್ಕಾರದ ನೆರವು ನೀಡಬೇಕಾಯಿತು. ಬೆಳೆದ ದ್ರಾಕ್ಷಿಯನ್ನು ಬೆಳೆಗಾರನೇ ನೆಲಕ್ಕೆ ಕೆಡಹುವ ಸ್ಥಿತಿ ಎಂಥದೆಂಬುದನ್ನು ಕರ್ನಾಟಕದ ರೈತರಿಗೆ ವಿವರಿಸಬೇಕಾಗಿಲ್ಲ.

ಇಂಥ ಸಂದರ್ಭದಲ್ಲಿ ದೊಡ್ಡ ಸಂಸ್ಥೆಗಳು ಜಾಹೀರಾತಿನ ಬಲದಿಂದ ಉಳಿದುಕೊಳ್ಳುತ್ತವೆ. ಹೆಸರಿಲ್ಲದ ಸಣ್ಣ ತಯಾರಕನಿಗೆ ಕಪಾಟಿನಲ್ಲಿ ಜಾಗ ಸಿಕ್ಕರೂ ಗ್ರಾಹಕನ ಕೈ ಅತ್ತ ಹೋಗುವುದಿಲ್ಲ. ಅದೇ ವೈನ್ ಪ್ರಸಿದ್ಧ ಹೆಸರಿನ ಪಕ್ಕದ ನಲ್ಲಿಗೆ ಏರಿದರೆ, ಇಬ್ಬರಿಗೂ ಸಮಾನ ಅವಕಾಶ ದೊರೆತಂತೆ. ಒಂದೂವರೆ ಯೂರೊ ಕಳೆದರೂ ಚಿಂತೆಯಿಲ್ಲವೆಂದು ಗ್ರಾಹಕನು ಗುಂಡಿ ಒತ್ತುತ್ತಾನೆ; ಮೂವತ್ತು ಯೂರೊ ಕಳೆಯಲು ಮಾತ್ರ ಅವನು ಸಿದ್ಧನಿರುವುದಿಲ್ಲ. ಸ್ವಸೇವೆಯ ಮಳಿಗೆಯಿಂದ ದೇಶದ ಹೆಚ್ಚುವರಿ ದಾಸ್ತಾನು ಕರಗದು. ಆದರೆ ಕೆಲವು ಸಣ್ಣ ತೋಟಗಳಿಗೆ ಅದು ಮೊದಲ ಗ್ರಾಹಕನನ್ನು ತಂದುಕೊಡಬಲ್ಲದು.

ನಮ್ಮ ರಾಜ್ಯದ ಮಟ್ಟಿಗೆ

ಕರ್ನಾಟಕದಲ್ಲಿಯೂ ವೈನ್ ತಯಾರಿಕೆಗೆ ನೆಲೆಯಿದೆ. 1980ರ ದಶಕದ ಕೊನೆಯಲ್ಲಿ ನಂದಿಬೆಟ್ಟದ ಆಸುಪಾಸಿನಲ್ಲಿ ಆರಂಭವಾದ ತೋಟಗಳಿಂದ ಇದು ಬೆಳೆದುಬಂದಿದೆ. 2007ರಲ್ಲಿ ರಾಜ್ಯ ಸರ್ಕಾರವು ದ್ರಾಕ್ಷಿ ಸಂಸ್ಕರಣೆ ಹಾಗೂ ವೈನ್ ಕುರಿತ ನೀತಿಯನ್ನು ಪ್ರಕಟಿಸಿ, ಈ ಉದ್ಯಮಕ್ಕಾಗಿಯೇ ಪ್ರತ್ಯೇಕ ಮಂಡಳಿಯನ್ನೂ ರಚಿಸಿತು. ವೈನ್ ಮೇಳಗಳಲ್ಲಿ ರುಚಿ ನೋಡಿ ಕೊಳ್ಳುವ ಅವಕಾಶ ಜನರಿಗೆ ದೊರೆತಿದೆ. ಆದರೆ ಮೇಳ ಮುಗಿದ ಮರುದಿನ ಗ್ರಾಹಕನು ಹೋಗಬೇಕಾದದ್ದು ‘ವೈನ್ಸ್’ ಎಂಬ ಫಲಕ ಹೊತ್ತ ಅಂಗಡಿಗೆ. ಅಂಥ ಬಹುತೇಕ ಅಂಗಡಿಗಳಲ್ಲಿ ಬ್ರಾಂದಿ, ವಿಸ್ಕಿಗಳ ನಡುವೆ ವೈನನ್ನು ಹುಡುಕಬೇಕು. ಅಬಕಾರಿ ನಿಯಮಗಳು, ಪರವಾನಗಿಯ ಷರತ್ತುಗಳು ಹಾಗೂ ಸಗಟು ವಿತರಣೆಯ ವ್ಯವಸ್ಥೆ ಇಲ್ಲಿ ಬೇರೆಯೇ ಆಗಿರುವುದರಿಂದ ಸ್ಪೇನಿನ ಮಾದರಿಯನ್ನು ಇದ್ದಂತೆಯೇ ತಂದು ನಿಲ್ಲಿಸಲು ಸಾಧ್ಯವಿಲ್ಲ.

ಆದರೂ ಆ ಮಳಿಗೆಯ ಮೂಲಪಾಠಕ್ಕೆ ಪರವಾನಗಿ ಬೇಕಿಲ್ಲ. ಕಾಫಿಪುಡಿ, ಜೇನು, ಗಾಣದ ಎಣ್ಣೆ, ಸುಗಂಧದ್ರವ್ಯ, ಹೀಗೆ ಮೊಹರಿನೊಳಗೆ ಗುಣ ಅಡಗಿರುವ ಸರಕುಗಳು ನಮ್ಮ ಪೇಟೆಯಲ್ಲಿ ಬೇಕಾದಷ್ಟಿವೆ. ಅವುಗಳನ್ನು ಮಾರುವ ವರ್ತಕರೆಲ್ಲರ ಮುಂದೆಯೂ ಲೊಗ್ರೊನ್ಯೊದ ವೈನ್ ವ್ಯಾಪಾರಿಯ ಮುಂದಿದ್ದ ಪ್ರಶ್ನೆಯೇ ಇದೆ: ರುಚಿಗೆಂದು ತೆರೆದದ್ದು ಹಾಳಾಗುವ ನಷ್ಟವನ್ನು ಹೊರುವವರು ಯಾರು? ಗ್ರಾಹಕನು ಹೊತ್ತರೆ ಅವನು ಹೊಸದನ್ನು ಕೊಳ್ಳಲು ಅಂಜುತ್ತಾನೆ. ಅಂಗಡಿಕಾರನು ಹೊತ್ತರೆ ಒಳ್ಳೆಯ ಸರಕನ್ನು ತೆರೆಯಲು ಹಿಂಜರಿಯುತ್ತಾನೆ. ಆ ನಷ್ಟವನ್ನು ಸಣ್ಣ ಅಳತೆಯಿಂದ, ಸರಿಯಾದ ಸಂರಕ್ಷಣೆಯಿಂದ, ನ್ಯಾಯವಾದ ಬೆಲೆಯಿಂದ ಹಂಚಿಬಿಟ್ಟರೆ ಇಬ್ಬರಿಗೂ ಹಗುರ. ಇರಾಚೆಯ ಗೋಡೆಯ ನಲ್ಲಿ ಅದನ್ನು ದಾನವಾಗಿ ಕೊಡುತ್ತಿದೆ, ನಗರದ ಮಳಿಗೆ ಅದನ್ನೇ ವ್ಯಾಪಾರವಾಗಿಸಿಕೊಂಡಿದೆ. ತಮ್ಮ ಸರಕಿನ ಗುಣದಲ್ಲಿ ಭರವಸೆಯುಳ್ಳ ಇಲ್ಲಿನ ವರ್ತಕರೂ ಈ ಲೆಕ್ಕವನ್ನು ಒಮ್ಮೆ ಹಾಕಿ ನೋಡುವುದು ಒಳಿತು.